ವಿದೇಶಿ ಚಾಕೊಲೇಟ್ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮೂರ ಅಂಗಡಿಯಲ್ಲಿ ವಿದೇಶಿ ಚಾಕೊಲೇಟ್ ಅರ್ಧ ಬೆಲೆಗೆ ಸಿಗುತ್ತಿದೆ. ಕೆಲವದರ ಮೇಲೆ ಬರೀ ಅರಬ್ಬಿ ಅಕ್ಷರ. ಮಕ್ಕಳಿಗೆ ಕೊಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅಗ್ಗ ಎಂದ ಮಾತ್ರಕ್ಕೆ ನಕಲಿಯಲ್ಲ. ಆಮದಾಗುವ ಹೊತ್ತಿಗೆ ಒಟ್ಟು ಬಾಳಿಕೆಯ ಶೇ. 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಅವಧಿ ಉಳಿದಿದ್ದರೆ ಸಾಕು. ವರ್ಷ ಬಾಳುವ ಚಾಕೊಲೇಟ್ ಮೂರೇ ತಿಂಗಳು ಉಳಿದಾಗ ಬಂದಿಳಿದರೂ ಅದು ಕಾನೂನುಬದ್ಧ. ದಾವಣಗೆರೆ ತಲುಪುವಷ್ಟರಲ್ಲಿ ಇನ್ನೊಂದು ತಿಂಗಳು ಕಳೆದಿರುತ್ತದೆ, ಅಂಗಡಿಯವರು ಬೆಲೆ ಇಳಿಸುತ್ತಾರೆ. ದಿನಾಂಕ ಓದುವಾಗ ಎಚ್ಚರ: ಅಮೆರಿಕದ ಪೊಟ್ಟಣದಲ್ಲಿ 05/08 ಎಂದರೆ ಮೇ 8, ಆಗಸ್ಟ್ 5 ಅಲ್ಲ.

ಬರೀ ಅರಬ್ಬಿ ಅಕ್ಷರ ಇರುವುದನ್ನು ಮಾತ್ರ ಮುಟ್ಟಲೇಬೇಡಿ. ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಅಥವಾ ಮಾಂಸಾಹಾರಕ್ಕೆ ಕಂದು ತ್ರಿಕೋನ ಕಾಣಬೇಕು. ಇವನ್ನು ಇಲ್ಲಿಗೆ ಬಂದ ಮೇಲೆ ಸ್ಟಿಕ್ಕರ್‌ನಲ್ಲಿ ಅಂಟಿಸಲು ಅವಕಾಶವಿದೆ. ಆದರೆ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಪದಾರ್ಥಗಳ ಪಟ್ಟಿ ಮೂಲ ಲೇಬಲ್‌ನಲ್ಲೇ ಇರಬೇಕು. ಹಳೆಯ ದಿನಾಂಕದ ಮೇಲೆ ಸ್ಟಿಕ್ಕರ್ ಹಚ್ಚಿದ್ದರೆ ಅನುಮಾನಿಸಿ. ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಸರಿಯಾದ ಸ್ಟಿಕ್ಕರ್ ಸಲೀಸಾಗಿ ಇಡಿಯಾಗಿ ಕಿತ್ತು ಬರುವಂತಿರಬಾರದು.

ಲೈಸೆನ್ಸ್ ಸಂಖ್ಯೆಯನ್ನು 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಹಾಕಿ. ಆಮದುದಾರರಿಗೆ ಕೇಂದ್ರದ ಲೈಸೆನ್ಸ್ ಬೇಕು, ಅದು 100ರಿಂದ ಶುರುವಾಗುತ್ತದೆ. ಸ್ಟಿಕ್ಕರ್‌ನಲ್ಲಿರುವ ಹೆಸರೇ ಅಲ್ಲೂ ಬರಬೇಕು. ಯಾವುದೋ ಬೇಕರಿಯ ಹೆಸರು ಬಂದರೆ ಆ ಸಂಖ್ಯೆ ಕದ್ದದ್ದು. ಬಾರ್‌ಕೋಡ್ ನೋಡಿ ದೇಶ ಹೇಳುವವರನ್ನು ನಂಬಬೇಡಿ. ಮೊದಲ ಅಂಕಿಗಳು ಕಂಪನಿ ಎಲ್ಲಿ ನೋಂದಾಯಿಸಿದೆ ಎಂದಷ್ಟೇ ಹೇಳುತ್ತವೆ. ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಪ್ರಕರಣದ ನಂತರ, 2008ರಲ್ಲಿ, ಚೀನಾದ ಹಾಲಿನ ಚಾಕೊಲೇಟ್ ಆಮದನ್ನು ಭಾರತ ನಿಷೇಧಿಸಿತು.

ಪ್ರಶ್ನೆ: ಪಿಯುಸಿ ಓದುವ ಮಗ ರಾತ್ರಿ ಎಚ್ಚರವಿರಲು ವಿದೇಶಿ ಎನರ್ಜಿ ಡ್ರಿಂಕ್ ಕುಡಿಯುತ್ತಾನೆ. ಕ್ಯಾನ್ ಮೇಲೆ 473 ಮಿ.ಲೀ., ಕೆಫೀನ್ 160 ಮಿ.ಗ್ರಾಂ ಎಂದಿದೆ.
– ಓದುಗರು, ಚಿತ್ರದುರ್ಗ

ಉತ್ತರ: ಬಿಡಿಸಿ. 160ನ್ನು 473ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಲೀಟರಿಗೆ ಸುಮಾರು 338 ಮಿ.ಗ್ರಾಂ. ನಮ್ಮಲ್ಲಿ ಕೆಫೀನ್ ಪಾನೀಯಕ್ಕಿರುವ ಮಿತಿ ಲೀಟರಿಗೆ 300. ಮಿತಿಯೊಳಗಿನ ಕ್ಯಾನ್ ಆದರೂ 'ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಸೂಕ್ತವಲ್ಲ', 'ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಬೇಡ' ಎಂಬ ಎಚ್ಚರಿಕೆ ಇರಬೇಕು. ಖಾಲಿ ಕ್ಯಾನ್ ಎಸೆಯಬೇಡಿ. ಬಿಲ್ ಜೊತೆ ಫೋಟೊ ತೆಗೆದು ಅದೇ ಆ್ಯಪ್‌ನಲ್ಲಿ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ದೂರು ಕೊಡಿ. ನೀವೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು (2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ). ಆದರೆ ಹಾಗೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ವರದಿಯಲ್ಲಿ ದೋಷ ಕಂಡುಬಂದರೆ ಶುಲ್ಕ ವಾಪಸ್.