ಸೂಜಿಯ ಮುಂದೆ ಭೂತಗನ್ನಡಿ: ಎಷ್ಟು ಪವರ್, ಎಷ್ಟು ದೂರ?

ಪ್ರಶ್ನೆ: ನನಗೆ 52 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮೆಷಿನ್. ಕಡು ಬಣ್ಣದ ಬಟ್ಟೆಗೆ ಪೈಪಿಂಗ್ ಕೂರಿಸುವಾಗ ಹೊಲಿಗೆ ಸರಿಯಾಗಿ ಕಾಣುವುದಿಲ್ಲವೆಂದು ಆನ್‌ಲೈನ್‌ನಲ್ಲಿ ‘10 ಪಟ್ಟು’ ಲೆನ್ಸ್ ತರಿಸಿದೆ. ಮೆಷಿನ್‌ಗೆ ಸಿಕ್ಕಿಸಿದರೆ ಎಲ್ಲ ಮಂಜು ಮಂಜು. ಒಮ್ಮೊಮ್ಮೆ ಸೂಜಿ ತಲೆಕೆಳಗಾಗಿ ಕಾಣುತ್ತದೆ. ಲೆನ್ಸ್ ಕೆಟ್ಟದ್ದೇ?

ಉತ್ತರ: ಲೆನ್ಸ್ ಕೆಟ್ಟಿಲ್ಲ, ಈ ಕೆಲಸಕ್ಕೆ ಅದು ಆಗಿಬರುವುದಿಲ್ಲ. ನಿಜವಾದ 10 ಪಟ್ಟಿನ ಲೆನ್ಸಿನ ಸಂಗಮ ದೂರ (ದೂರದಿಂದ ಬಂದ ಬೆಳಕನ್ನು ಲೆನ್ಸ್ ಒಂದೇ ಬಿಂದುವಿಗೆ ಕೂಡಿಸುವ ದೂರ) ಬರೀ ಎರಡೂವರೆ ಸೆಂ.ಮೀ. ವಸ್ತು ಅದಕ್ಕಿಂತ ಹತ್ತಿರವಿದ್ದರೆ ಮಾತ್ರ ದೊಡ್ಡದಾಗಿ, ನೆಟ್ಟಗೆ ಕಾಣುತ್ತದೆ. ನೀವು ಲೆನ್ಸನ್ನು ಸೂಜಿಯಿಂದ ಒಂದು ಗೇಣು ದೂರ ಇಟ್ಟಿರುತ್ತೀರಿ, ಆದ್ದರಿಂದ ಬಿಂಬ ತಲೆಕೆಳಗಾಗುತ್ತದೆ. ಎರಡೂವರೆ ಸೆಂ.ಮೀ.ಗೆ ತಂದರೆ ಬಟ್ಟೆ ಸರಿಸಲು ಬೆರಳಿಗೇ ಜಾಗವಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದು ಅಂಥದ್ದು. ಅವರ ಕೆಲಸ ಕದಲುವುದಿಲ್ಲ, ನಮ್ಮದು ಓಡುತ್ತಿರುತ್ತದೆ.

ಹೊಲಿಗೆಗೆ ಬೇಕಾದದ್ದು 3ರಿಂದ 5 ಡಯಾಪ್ಟರ್ (ಲೆನ್ಸಿನ ಪವರ್ ಅಳೆಯುವ ಮಾನ). 3 ಡಯಾಪ್ಟರ್‌ಗೆ ಸಂಗಮ ದೂರ 33 ಸೆಂ.ಮೀ., 5ಕ್ಕೆ 20 ಸೆಂ.ಮೀ. ಕಣ್ಣಿನಿಂದ ಸೂಜಿಗೆ 40 ಸೆಂ.ಮೀ. ಇದ್ದು, ನಡುವೆ ಸೂಜಿಯಿಂದ 15 ಸೆಂ.ಮೀ. ದೂರದಲ್ಲಿ ಲೆನ್ಸ್ ನಿಲ್ಲಿಸಿದರೆ, 3 ಡಯಾಪ್ಟರಿನಲ್ಲಿ ಬರಿಗಣ್ಣಿಗಿಂತ ಸುಮಾರು 1.4 ಪಟ್ಟು, 5ರಲ್ಲಿ ಸುಮಾರು 1.9 ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೇಳಲು ಕಡಿಮೆ ಅನ್ನಿಸಬಹುದು. ಆದರೆ 5 ಡಯಾಪ್ಟರಿನಲ್ಲಿ ಎರಡೂವರೆ ಮಿ.ಮೀ. ಹೊಲಿಗೆ ನಾಲ್ಕೂಮುಕ್ಕಾಲು ಮಿ.ಮೀ.ಯಷ್ಟು ಕಂಡರೆ ಪೈಪಿಂಗ್ ಅಂಚಿನಿಂದ ಸೂಜಿ ಜಾರಿದ್ದು ತಕ್ಷಣ ಗೊತ್ತಾಗುತ್ತದೆ. ಮೊದಲ ಸಲ ಕೊಳ್ಳುವವರು 3 ಡಯಾಪ್ಟರಿನದನ್ನೇ ಕೊಳ್ಳಿ. ಪವರ್ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ಜಾಗ ಕಿರಿದಾಗುತ್ತದೆ, ಅಂಚಿನ ಗೆರೆಗಳು ಬಾಗುತ್ತವೆ, ತಲೆ ಚೂರು ಅಲುಗಿದರೂ ಚಿತ್ರ ಓಡುತ್ತದೆ. ಅಗಲ 10 ಸೆಂ.ಮೀ.ಗೆ ಕಡಿಮೆ ಇರಬಾರದು. ಎರಡೂ ಕಣ್ಣಿಗೆ ಒಟ್ಟಿಗೆ ಕಾಣಬೇಕಲ್ಲ.

ಪೆಟ್ಟಿಗೆಯ ಮೇಲಿನ ‘ಪಟ್ಟು’ ಲೆಕ್ಕವನ್ನು ನಂಬಬೇಡಿ. ನಿಮ್ಮ ಅಳತೆ ಟೇಪಿನಿಂದಲೇ ಪರೀಕ್ಷಿಸಬಹುದು. ಕಿಟಕಿಗೆ ಎದುರಾದ ಬಿಳಿ ಗೋಡೆಯ ಮುಂದೆ ಲೆನ್ಸ್ ಹಿಡಿದು, ಹೊರಗಿನ ದೂರದ ಮರದ ಬಿಂಬ ಗೋಡೆಯ ಮೇಲೆ ಚೊಕ್ಕವಾಗಿ ಮೂಡುವವರೆಗೆ ಹಿಂದೆ ಮುಂದೆ ಸರಿಸಿ. ಲೆನ್ಸಿನಿಂದ ಗೋಡೆಗೆ ಎಷ್ಟು ಸೆಂ.ಮೀ. ಬಂತೋ ಅದರಿಂದ 100ನ್ನು ಭಾಗಿಸಿದರೆ ಡಯಾಪ್ಟರ್ ಸಿಗುತ್ತದೆ. ಸೂರ್ಯನತ್ತ ಮಾತ್ರ ಹಿಡಿಯಬೇಡಿ.

ಕೂರಿಸುವ ವಿಚಾರಕ್ಕೆ ಬಂದರೆ, ಕಪ್ಪು ಮೆಷಿನ್ನಿನ ತಲೆ ಬೀಡು ಕಬ್ಬಿಣದ್ದು, ಹಾಗಾಗಿ ಅಯಸ್ಕಾಂತದ ಬುಡವಿರುವ ಬಗ್ಗುಕತ್ತಿನ ಲೆನ್ಸ್ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಗೀರದಂತೆ ಅಡಿಗೆ ತೆಳು ಫೆಲ್ಟ್ ಇಡಿ. ಎಣ್ಣೆ ಬಿಡುವ ತೂತುಗಳನ್ನು ಮುಚ್ಚಬೇಡಿ. ಅಯಸ್ಕಾಂತಕ್ಕೆ ಗುಂಡುಪಿನ್ನುಗಳು ಅಂಟಿಕೊಂಡು ಆಮೇಲೆ ಬಟ್ಟೆ ಸರಿಸುವ ಹಲ್ಲಿನ ಬಳಿ ಉದುರುವುದುಂಟು, ಆಗಾಗ ಒರೆಸುತ್ತಿರಿ. ಎರಡು ಬದಿಯ ಟೇಪ್ ಹಚ್ಚುವ ಮಾದರಿ ಹಳೆಯ ಮೆಷಿನ್‌ಗೆ ಬೇಡವೇ ಬೇಡ. ಕಿತ್ತರೆ ಚಿನ್ನದ ಬಣ್ಣದ ಚಿತ್ತಾರವೂ ಜೊತೆಗೆ ಬರುತ್ತದೆ. ಟೇಪ್ ಹಚ್ಚುವ ಮುನ್ನ ಸ್ಪಿರಿಟ್‌ನಿಂದ ಒರೆಸಿ ಎಂದು ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಹಳೆಯ ಮೆಷಿನ್‌ಗಳ ಮೇಲಿನ ಅರಗಿನ ಹೊಳಪು ಸ್ಪಿರಿಟ್‌ಗೆ ಕರಗುತ್ತದೆ. ಪ್ಲಾಸ್ಟಿಕ್ ಮೈಯ ಹೊಸ ಮೆಷಿನ್‌ಗಳಿಗೆ ಅಯಸ್ಕಾಂತ ಹಿಡಿಯದ ಕಾರಣ ಟೇಪೇ ಗತಿ.

ಜಾಗ ಆರಿಸುವಾಗ ದಾರ ಎಳೆಯುವ ಲಿವರ್ ಕಡೆ ಕಣ್ಣಿರಲಿ. ನಿಮ್ಮ ಮಾದರಿಯಲ್ಲಿ ಅದು ತಲೆಯ ಹೊರಗೇ ಮೇಲೆ ಕೆಳಗೆ ಆಡುತ್ತದೆ. ಲೆನ್ಸಿನ ಕತ್ತು ಅದಕ್ಕೆ ತಾಗಿದರೆ ದಾರ ತುಂಡಾಗುತ್ತದೆ, ಲಿವರ್ ಬಗ್ಗಲೂಬಹುದು. ಸಿಕ್ಕಿಸಿದ ಮೇಲೆ ಕಾಲಿಡುವ ಮುನ್ನ ಕೈಚಕ್ರವನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಪಾದ ಎತ್ತುವ ಹಿಡಿಕೆ, ಸೂಜಿ ಬಿಗಿಯುವ ತಿರುಪು ಎರಡಕ್ಕೂ ಕೈ ಸಲೀಸಾಗಿ ಹೋಗಬೇಕು. ಆಮೇಲೆ ಚಿಂದಿ ಬಟ್ಟೆಯ ಮೇಲೆ ನಿಧಾನವಾಗಿ ತುಳಿಯಿರಿ.

ಒಂದು ಎಚ್ಚರಿಕೆ. ಲೆನ್ಸಿನಲ್ಲಿ ಬೆರಳಿಗೂ ಸೂಜಿಗೂ ಇರುವ ಅಂತರವೂ ಹಿಗ್ಗಿ ಕಾಣುವುದರಿಂದ ಬೆರಳು ಗೊತ್ತಾಗದೆ ಹತ್ತಿರ ಸರಿಯುತ್ತದೆ. ಮೊದಲ ವಾರ ಬೆರಳ ರಕ್ಷಕ ಹಾಕಿಕೊಳ್ಳಿ. ಕಾಲಿಂಚು ಅಂಚು ಬಿಡಬೇಕಾದರೆ ಅದನ್ನು ಲೆನ್ಸಿನೊಳಗೆ ಅಂದಾಜು ಮಾಡಬೇಡಿ, ಸೂಜಿಯ ಕೆಳಗಿನ ತಗಡಿನ ಮೇಲೆ ಅಳೆದು ಬಣ್ಣದ ಟೇಪ್ ಅಂಟಿಸಿ ಅದನ್ನೇ ನೋಡುತ್ತಾ ಹೊಲಿಯಿರಿ.

ಇನ್ನೊಂದು ಮಾತು: ಕಡು ಬಣ್ಣದ ಮೇಲೆ ಅದೇ ಬಣ್ಣದ ದಾರ ಕಾಣದಿದ್ದರೆ ಕೊರತೆ ಗಾತ್ರದ್ದಲ್ಲ, ಬೆಳಕಿನದ್ದು. ಸೂಜಿಯ ಎಡಬದಿಯಿಂದ, ತಗ್ಗಾಗಿ, ಓರೆಯಾಗಿ ಬೀಳುವ ಬಿಳಿ ಎಲ್ಇಡಿ ಹಾಕಿ. ಪ್ರತಿ ಹೊಲಿಗೆಗೂ ಸಣ್ಣ ನೆರಳು ಬಿದ್ದು ಅದು ಎದ್ದು ಕಾಣುತ್ತದೆ. ಎಷ್ಟೋ ಜನಕ್ಕೆ ಇಷ್ಟಾದರೆ ಲೆನ್ಸೇ ಬೇಕಾಗುವುದಿಲ್ಲ.

ಪ್ರಶ್ನೆ: ಚಾಳೀಸಿನ ಕನ್ನಡಕ ಹಾಕಿಕೊಂಡು ಲೆನ್ಸಿನಲ್ಲಿ ನೋಡಿದರೆ ಮಂಜಾಗುತ್ತದೆ, ತೆಗೆದರೆ ಪರವಾಗಿಲ್ಲ. ಯಾಕೆ?

ಉತ್ತರ: ಲೆನ್ಸ್ ವಸ್ತುವನ್ನು ದೊಡ್ಡದು ಮಾಡುವ ಜೊತೆಗೆ ದೂರಕ್ಕೂ ತಳ್ಳುತ್ತದೆ. ಮೇಲೆ ಹೇಳಿದ ಅಳತೆಯಲ್ಲೇ ನೋಡಿ: 3 ಡಯಾಪ್ಟರಿನಲ್ಲಿ ಸೂಜಿಯ ಬಿಂಬ ಕಣ್ಣಿನಿಂದ ಅರ್ಧ ಮೀಟರಿನಷ್ಟು ದೂರ ಕೂರುತ್ತದೆ, 5ರಲ್ಲಿ 85 ಸೆಂ.ಮೀ. ಆಚೆಗೆ. ನಿಮ್ಮ ಓದುವ ಕನ್ನಡಕ 35–40 ಸೆಂ.ಮೀ.ಗೆ ಹೊಂದಿಸಿದ್ದು. ಆದ್ದರಿಂದ ಲೆನ್ಸ್ ಇದ್ದಾಗ ಕಡಿಮೆ ಪವರಿನ ಹಳೆಯ ಕನ್ನಡಕ ಹಾಕಿ ನೋಡಿ. ಪ್ರೊಗ್ರೆಸಿವ್ (ಮೇಲಿಂದ ಕೆಳಕ್ಕೆ ಪವರ್ ಬದಲಾಗುತ್ತಾ ಹೋಗುವ ಕನ್ನಡಕ) ಇದ್ದರೆ ನಡುಭಾಗದಿಂದ ನೋಡಿ. ಬೈಫೋಕಲ್‌ನ ಕೆಳಭಾಗದಿಂದ ಸೂಜಿ ನೋಡಲು ಗದ್ದ ಎತ್ತಿ ಕೂರುವವರ ಕತ್ತು ಸಂಜೆಗೆ ಹಿಡಿದುಕೊಳ್ಳುತ್ತದೆ. ದಿನಕ್ಕೆ ಐದಾರು ಗಂಟೆ ಹೊಲಿಯುವವರು ಮೆಷಿನ್ ಮುಂದೆ ಎಂದಿನಂತೆ ಕೂತು, ಕಣ್ಣಿನಿಂದ ಸೂಜಿಗೆ ಎಷ್ಟಿದೆಯೆಂದು ಮನೆಯವರಿಂದ ಅಳೆಸಿ, ಆ ಅಂಕಿ ಹಿಡಿದು ಕಣ್ಣಿನ ಡಾಕ್ಟರ ಬಳಿ ಹೋಗಿ. ಅದೇ ದೂರಕ್ಕೆ ಮಾಡಿಸಿದ ಒಂದೇ ಪವರಿನ ಕನ್ನಡಕ ಲೆನ್ಸಿಗಿಂತ ಹಿತ. ನೆಟ್ಟಗಿನ ಹೊಲಿಗೆ ಬರಿಗಣ್ಣಿಗೆ ಡೊಂಕಾಗಿ ಕಂಡರೆ ಅಥವಾ ನಡುವೆ ಕಪ್ಪು ಚುಕ್ಕೆ ಬಂದರೆ ಭೂತಗನ್ನಡಿ ಹುಡುಕುತ್ತಾ ಕೂರದೆ ಬೇಗ ತೋರಿಸಿ.

ಪ್ರಶ್ನೆ: ಪವರ್ ಮೆಷಿನ್‌ಗೆ (ಮೋಟಾರಿನಿಂದ ಓಡುವುದು) ದೀಪವಿರುವ ಲೆನ್ಸ್ ಹಾಕಿದ್ದೇನೆ. ಜೋರಾಗಿ ಓಡಿಸಿದಾಗ ಸೂಜಿ ನಿಂತುಬಿಟ್ಟ ಹಾಗೆ ಕಾಣುತ್ತದೆ.

ಉತ್ತರ: ಅದು ದೀಪದ ಮಿನುಗು. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೆಷಿನ್ ನಿಮಿಷಕ್ಕೆ 3,000 ಹೊಲಿಗೆ ಹಾಕಿದರೆ ಸೂಜಿ ಸೆಕೆಂಡಿಗೆ 50 ಸಲ ಇಳಿದೇಳುತ್ತದೆ. ಪ್ರತಿ ಸಲವೂ ಬೆಳಕು ಅದೇ ಎರಡು ಜಾಗದಲ್ಲಿ ಅದನ್ನು ಹಿಡಿಯುವುದರಿಂದ ಸೂಜಿ ನಿಂತಂತೆ ತೋರುತ್ತದೆ. ಓಡುವ ಸೂಜಿಯನ್ನು ನಿಂತಿದೆ ಅಂದುಕೊಂಡರೆ ಬೆರಳು ಹೋಯಿತು. ಆ ದೀಪ ಆರಿಸಿ, ಪವರ್ ಬ್ಯಾಂಕ್ ಅಥವಾ ಬ್ಯಾಟರಿಯಿಂದ ಉರಿಯುವ ಎಲ್ಇಡಿ ಹಾಕಿ. ಬೆಳಕು ಕಡಿಮೆ ಮಾಡುವ ಬಟನ್ ಇದ್ದರೆ ಪೂರ್ತಿ ಜೋರಿನಲ್ಲೇ ಇಡಿ. ಅಗ್ಗದ ದೀಪಗಳಲ್ಲಿ ಮಂದ ಬೆಳಕೂ ಮಿನುಗಿನಿಂದಲೇ ಬರುತ್ತದೆ.

ಪ್ರಶ್ನೆ: ಲೆನ್ಸ್ ಅಲುಗಾಡುತ್ತದೆ.

ಉತ್ತರ: ಬಗ್ಗುಕತ್ತು 20 ಸೆಂ.ಮೀ.ಗಿಂತ ಉದ್ದವಿದ್ದರೆ ಅಲುಗದೆ ಇರದು. ಕತ್ತನ್ನು ಮಡಚಿ ಗಿಡ್ಡ ಮಾಡಿ. ಆದರೂ ನಿಲ್ಲದಿದ್ದರೆ ಮೆಷಿನ್ನಿನ ತಲೆ ಬಿಟ್ಟು, ಗೋಡೆಗೆ ಅಥವಾ ಪಕ್ಕದಲ್ಲಿ ನಿಲ್ಲಿಸಿದ ಬೇರೆ ಸ್ಟ್ಯಾಂಡಿಗೆ ಸಿಕ್ಕಿಸಿ. ಮೆಷಿನ್ ಇರುವ ಮೇಜಿಗೇ ಕ್ಲಾಂಪ್ ಹಾಕಿದರೆ ಪ್ರಯೋಜನವಿಲ್ಲ, ಅದೂ ತುಳಿತಕ್ಕೆ ನಡುಗುತ್ತದೆ.

ಪ್ರಶ್ನೆ: ಮೆಷಿನ್ ಕಿಟಕಿ ಪಕ್ಕದಲ್ಲಿದೆ. ಲೆನ್ಸ್ ಹಾಗೇ ಬಿಟ್ಟುಹೋಗಬಹುದೇ? ಒರೆಸುವುದು ಹೇಗೆ?

ಉತ್ತರ: ಬಿಡಬೇಡಿ. ಬಿಸಿಲು ನೇರ ಬಿದ್ದರೆ ಹತ್ತಿಬಟ್ಟೆ ಹೊತ್ತಿಕೊಳ್ಳಬಹುದು. ಎದ್ದು ಹೋಗುವಾಗ ಲೆನ್ಸಿಗೆ ದಪ್ಪ ಬಟ್ಟೆಯ ಚೀಲ ತೊಡಿಸಿ, ಹೊಲಿಯುವ ನಿಮಗೆ ಅದೇನು ದೊಡ್ಡ ಕೆಲಸ. ಅಗ್ಗದ ಲೆನ್ಸ್‌ಗಳು ಹೆಚ್ಚಾಗಿ ಅಕ್ರಿಲಿಕ್. ಒಣಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ, ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ದ್ರವ ತಾಗಿದರೆ ಬಿರುಕಿನಂಥ ಬಲೆ ಮೂಡುತ್ತದೆ. ಮೆಷಿನ್ ಎಣ್ಣೆ ಸಿಡಿದಿದ್ದರೆ ಎರಡು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಬೆರಳಿಂದ ಸವರಿ ತೊಳೆದು, ಕನ್ನಡಕ ಒರೆಸುವ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ.