ಹೊಕ್ಕುಳಬಳ್ಳಿಯ ರಕ್ತ ಜಾತಕವಲ್ಲ

ಪ್ರಶ್ನೆ: ನನಗೆ ಅಸ್ತಮಾ ಇದೆ. ಹೆರಿಗೆ ಹೊತ್ತಿನಲ್ಲೇ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಪರೀಕ್ಷೆ ಮಾಡಿಸಿದೆವು, ಹೆಚ್ಚು ಬಂತು. ಮುಂದೆ ಅಲರ್ಜಿ ಬರಬಹುದು, ಮೂರು ವರ್ಷ ಕಡಲೆಕಾಯಿ, ಮೊಟ್ಟೆ ಮುಟ್ಟಿಸಬೇಡಿ ಎಂದಿದ್ದಾರೆ. ಈಗ ಆರು ತಿಂಗಳು. ಏನು ಮಾಡಲಿ?

ಉತ್ತರ: ಆ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮಗುವಿನ ಚರ್ಮ ನೋಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ತಾಯಿಯ ಐಜಿಇ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಹಾಗಾಗಿ ಬಳ್ಳಿಯ ರಕ್ತದಲ್ಲಿ ಕಂಡದ್ದು ಮಗುವಿನದೇ ಎಂಬುದು ಈ ಪರೀಕ್ಷೆಯ ಹಿಂದಿನ ಲೆಕ್ಕಾಚಾರ. ಆದರೆ ನವಜಾತ ಶಿಶುವಿನಲ್ಲಿ ಅದು ಇರುವುದೇ ಅತ್ಯಲ್ಪ. ಹೆರಿಗೆಯಲ್ಲಿ ತಾಯಿಯ ರಕ್ತ ತುಸು ಬೆರೆತರೂ ಸಂಖ್ಯೆ ಏರಿಬಿಡುತ್ತದೆ, ಅದರಲ್ಲೂ ತಾಯಿಗೆ ಅಲರ್ಜಿ ಇದ್ದರೆ. ಕಡಿಮೆ ಬಂತೆಂದು ಹಿಗ್ಗುವಂತೆಯೂ ಇಲ್ಲ: ಮುಂದೆ ಅಲರ್ಜಿ ಬಂದ ಮಕ್ಕಳಲ್ಲಿ ಬಹುಪಾಲು ಈ ಪರೀಕ್ಷೆಯ ಕಣ್ಣಿಗೆ ಬಿದ್ದಿರುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದು ಅಪ್ಪ, ಅಮ್ಮ, ಒಡಹುಟ್ಟಿದವರ ಅಲರ್ಜಿ. ಆಹಾರದ ಅಲರ್ಜಿಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ತಿಂಗಳುಗಳಲ್ಲೇ ಚರ್ಮದಲ್ಲಿ ಕಾಣಿಸುವ ತುರಿಕೆಯ ಎಕ್ಸಿಮಾ (ಇಸಬು).

ಕಡಲೆಕಾಯಿಗೆ ಮೂರು ವರ್ಷ, ಮೊಟ್ಟೆಗೆ ಎರಡು ವರ್ಷದ ಪಥ್ಯ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2000ದಲ್ಲಿ ಕೊಟ್ಟ ಸಲಹೆ. ಆಧಾರ ಸಾಲದೆಂದು 2008ರಲ್ಲಿ ಅವರೇ ಕೈಬಿಟ್ಟರು. ನಮ್ಮಲ್ಲಿ ಕೆಲವರು ಇನ್ನೂ ಬಿಟ್ಟಿಲ್ಲ. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಅಧ್ಯಯನವನ್ನು ಪ್ರಕಟಿಸಿತು. ಐದನೇ ವಯಸ್ಸಿಗೆ, ಕಡಲೆಕಾಯಿ ದೂರವಿಟ್ಟವರಲ್ಲಿ ಶೇ 17.2 ಮಕ್ಕಳಿಗೆ ಅದರ ಅಲರ್ಜಿ. ತಿನ್ನುತ್ತ ಬೆಳೆದವರಲ್ಲಿ ಶೇ 3.2.

ಮಗುವಿನ ಚರ್ಮ ಚೆನ್ನಾಗಿದ್ದರೆ, ಹುರಿದ ಕಡಲೆಕಾಯಿಯನ್ನು ನುಣ್ಣಗೆ ಅರೆದು ರಾಗಿ ಸರಿಯಲ್ಲಿ ಕದಡಿ ಚೂರು ಕೊಡಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ, ತಪ್ಪದೆ. ಇಡೀ ಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಟ್ಟೆಯನ್ನು ಪೂರ್ತಿ ಬೇಯಿಸಿ, ಬೇರೆ ದಿನ ಕೊಡಿ. ಎಕ್ಸಿಮಾ ಜೋರಾಗಿದ್ದರೆ ಮಾತ್ರ ಮೊದಲು ವೈದ್ಯರಲ್ಲಿಗೆ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲೇ.

ಪ್ರಶ್ನೆ: ಬಸುರಿಯಾಗಿದ್ದಾಗ ಹಾಲು, ಕಡಲೆಕಾಯಿ ಬಿಟ್ಟರೆ ಮಗುವಿಗೆ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ನಿಮಗೇ ಅಲರ್ಜಿ ಇಲ್ಲದಿದ್ದರೆ ತಿನ್ನಿ.

ಪ್ರಶ್ನೆ: ಕೂದಲು ಕಳಿಸಿದರೆ ನೂರಾರು ಆಹಾರದ ಅಲರ್ಜಿ ಹೇಳುತ್ತಾರಂತೆ?

ಉತ್ತರ: ಕೂದಲಲ್ಲಿ ಅಲರ್ಜಿ ಸಿಗದು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಅಳೆಯುವ ರಕ್ತಪರೀಕ್ಷೆಯ ಪ್ಯಾಕೇಜೂ ಅಷ್ಟೇ. ಅದು ತೋರಿಸುವುದು ನೀವೇನು ತಿಂದಿದ್ದೀರಿ ಎಂಬುದನ್ನು.

ಪ್ರಶ್ನೆ: ಎರಡು ವರ್ಷದ ಮಗಳಿಗೆ ಒಟ್ಟು ಐಜಿಇ ಜಾಸ್ತಿ. ಯಾವ ಆಹಾರ ನಿಲ್ಲಿಸಲಿ?

ಉತ್ತರ: ಯಾವುದನ್ನೂ ಬೇಡ. ಜಂತುಹುಳುವಿದ್ದರೂ ಅದು ಏರುತ್ತದೆ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಬರೆದುಕೊಂಡು ವೈದ್ಯರಲ್ಲಿಗೆ ಹೋಗಿ.