ಕಲ್ಲು ಬಿದ್ದಿದ್ದು ಒಂದು ಕಡೆ, ಡೈನೋಸಾರ್ ಸತ್ತಿದ್ದು ಎಲ್ಲ ಕಡೆ!

ಪ್ರಶ್ನೆ: ಆಕಾಶದಿಂದ ಬಿದ್ದ ಕಲ್ಲಿನಿಂದ ಡೈನೋಸಾರ್‌ಗಳು ಅಳಿದವು ಅಂತಾರೆ. ಕಲ್ಲು ಬಿದ್ದಿದ್ದು ಒಂದೇ ಜಾಗದಲ್ಲಿ ಅಲ್ವಾ? ದೂರದಲ್ಲಿದ್ದವು ಯಾಕೆ ಸತ್ತವು? ಮೊಸಳೆ ಹೇಗೆ ಬದುಕಿತು? ಕಾರಣ ಜ್ವಾಲಾಮುಖಿ ಅಂತಲೂ ಕೆಲವರು ಹೇಳುತ್ತಾರಲ್ಲ?

ಉತ್ತರ: ಕಲ್ಲಿನ ಏಟಿಗೆ ಸತ್ತವು ಕಡಿಮೆ. ಜಾಸ್ತಿ ಸತ್ತಿದ್ದು ಕತ್ತಲಿಗೆ, ಚಳಿಗೆ, ಹಸಿವಿಗೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಈಗಿನ ಮೆಕ್ಸಿಕೋದ ಯುಕಟಾನ್ ಇರುವಲ್ಲಿ, ಹತ್ತು ಕಿಲೋಮೀಟರಿಗೂ ಅಗಲವಾದ ಕ್ಷುದ್ರಗ್ರಹವೊಂದು ಬಂದು ಅಪ್ಪಳಿಸಿತು. ಅದು ತೋಡಿದ ಚಿಕ್ಸುಲುಬ್ ಕುಳಿಯ ಅಗಲ ಸುಮಾರು 180 ಕಿ.ಮೀ. ಈಗ ಅರ್ಧ ನೆಲದಡಿ, ಅರ್ಧ ಸಮುದ್ರದಡಿ ಹೂತು ಹೋಗಿದೆ.

ದುರದೃಷ್ಟ ಅಂದರೆ, ಅದು ಬಿದ್ದ ಜಾಗವೇ ಕೆಟ್ಟದ್ದು. ಅಲ್ಲಿನ ನೆಲದಲ್ಲಿ ಜಿಪ್ಸಮ್ ರಾಶಿ ರಾಶಿ ಇತ್ತು. ಜಿಪ್ಸಮ್ ಅಂದರೆ ಒಳಗೆ ಗಂಧಕ. 2016ರಲ್ಲಿ ವಿಜ್ಞಾನಿಗಳು ಕುಳಿಯನ್ನು ಕೊರೆದು ಕಲ್ಲು ತೆಗೆದರು. ಸುತ್ತಲಿನ ಪದರಗಳಲ್ಲಿ ಧಾರಾಳವಾಗಿರುವ ಜಿಪ್ಸಮ್ ಆ ಕಲ್ಲಿನಲ್ಲಿ ಹೆಚ್ಚುಕಮ್ಮಿ ಇರಲೇ ಇಲ್ಲ! ಆವಿಯಾಗಿ ಮೇಲೆ ಹೋಗಿತ್ತು. ಆ ಗಂಧಕ, ದೂಳು, ಬೆಂಕಿಯ ಮಸಿ ಎಲ್ಲ ಸೇರಿ ಇಡೀ ಭೂಮಿಗೆ ಬಿಸಿಲು ತಪ್ಪಿಸಿದವು. ಬಿಸಿಲಿಲ್ಲದೆ ಗಿಡ ಬೆಳೆಯಲಿಲ್ಲ. ಗಿಡ ತಿನ್ನುವವು ಸತ್ತವು, ಆಮೇಲೆ ಅವನ್ನು ತಿನ್ನುವವು. ದೂರದಲ್ಲಿದ್ದರೂ ತಪ್ಪಿಸಿಕೊಳ್ಳಲಾಗಲಿಲ್ಲ.

ಇದು ಸುಮ್ನೆ ಕಟ್ಟಿದ ಕಥೆಯಲ್ಲ. ಇಟಲಿಯ ಗುಬ್ಬಿಯೋ ಬಳಿ ಸುಣ್ಣಕಲ್ಲಿನ ಪದರಗಳ ನಡುವೆ ಅದೇ ಕಾಲದ, ಬೆರಳಗಲದ ಜೇಡಿಮಣ್ಣಿನ ಗೆರೆ ಇದೆ. ಅದರ ಕೆಳಗಿನ ಕಲ್ಲಿನಲ್ಲಿ ಸೂಕ್ಷ್ಮ ಸಮುದ್ರಜೀವಿಗಳ ಚಿಪ್ಪು ತುಂಬಿದೆ. ಮೇಲೆ ಹೆಚ್ಚಿನವು ಮಾಯ. ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್, ಅವರ ತಂದೆ, ಭೌತವಿಜ್ಞಾನಿ ಲೂಯಿಸ್ ಮತ್ತು ಇಬ್ಬರು ರಸಾಯನ ತಜ್ಞರು ಆ ಮಣ್ಣಿನಲ್ಲಿ ಇರಿಡಿಯಂ ಎಂಬ ಲೋಹ ಮಾಮೂಲಿಗಿಂತ ಸುಮಾರು 30 ಪಟ್ಟು ಇರುವುದನ್ನು ಕಂಡು, 1980ರಲ್ಲಿ ಪ್ರಕಟಿಸಿದರು. ಭೂಮಿಯ ಹೊರಪದರದಲ್ಲಿ ಇರಿಡಿಯಂ ತೀರಾ ಅಪರೂಪ, ಆಕಾಶದ ಕಲ್ಲುಗಳಲ್ಲಿ ಜಾಸ್ತಿ. ಆಗ ಅನೇಕರು ನಂಬಲಿಲ್ಲ. ಕುಳಿ ಎಲ್ಲಿ ಅಂತ ಕೇಳಿದರು. 1991ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ತಮಾಷೆ ಏನೆಂದರೆ, ತೈಲ ಹುಡುಕುವವರ ಕಣ್ಣಿಗೆ ಆ ಕುಳಿ ಮೊದಲೇ ಬಿದ್ದಿತ್ತು!

ಜ್ವಾಲಾಮುಖಿಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಭಾರತದ ಲಾವಾ ಕಲ್ಲಿನ ಪ್ರದೇಶವಾದ ಡೆಕ್ಕನ್ ಟ್ರ್ಯಾಪ್ಸ್‌ನಲ್ಲಿ ಅದೇ ಕಾಲಕ್ಕೆ ಲಾವಾ ಉಕ್ಕುತ್ತಿತ್ತು, ಲಕ್ಷಾಂತರ ವರ್ಷ. ಹವಾಮಾನ ಅದರಿಂದ ಏರುಪೇರಾಗಿದ್ದಿರಬೇಕು. ಆದರೆ ಅಳಿವು ಏಕಾಏಕಿ ಆಗಿದೆ, ಅದೂ ಸರಿಯಾಗಿ ಇರಿಡಿಯಂ ಗೆರೆಯ ಜಾಗದಲ್ಲೇ. ಹಾಗಾಗಿ ನನ್ನ ಮಟ್ಟಿಗೆ ಮುಖ್ಯ ಆರೋಪಿ ಕಲ್ಲೇ.

ಇನ್ನು ಮೊಸಳೆ. ನೆಲದ ಮೇಲೆ 25 ಕಿಲೋಗಿಂತ ದಪ್ಪಗಿದ್ದ ಪ್ರಾಣಿಗಳು ಹೆಚ್ಚುಕಮ್ಮಿ ಯಾವುವೂ ಉಳಿಯಲಿಲ್ಲ. ಮೊಸಳೆಗೆ ಮಾತ್ರ ಎರಡು ಅನುಕೂಲ ಇದ್ದವು. ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು. ನದಿಯಲ್ಲಿ ಕೊಳೆತ ಎಲೆಕಸ ತಿಂದು ಬದುಕುವ ಹುಳಗಳಿರುತ್ತವೆ, ಅವುಗಳ ಮೇಲೆ ಮೀನು, ಮೀನಿನ ಮೇಲೆ ಮೊಸಳೆ. ಆ ಸರಪಳಿಗೆ ಹಸಿರು ಗಿಡವೇ ಬೇಕೆಂದಿಲ್ಲ. ಕೊಕ್ಕಿದ್ದ ಕೆಲವು ಸಣ್ಣ ಡೈನೋಸಾರ್‌ಗಳೂ ಉಳಿದವು, ಮಣ್ಣಲ್ಲಿ ಬಿದ್ದಿದ್ದ ಬೀಜ ಹೆಕ್ಕಿ ತಿಂದಿರಬಹುದು. ಅವನ್ನು ನಾವು ಹಕ್ಕಿ ಅನ್ನುತ್ತೇವೆ.